ಪತ್ತನಾಜೆಗೆ ಮೊದಲು ಆ ಮಾಡು ಮುಚ್ಚಿಕೊಡಿ

ಕಾಸರಗೋಡು ಪೇಟೆಯ ಹಳೆಯ ಕಚೇರಿ ಕಟ್ಟಡದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಇಂಜಿನಿಯರುಗಳಿಗೆ ಮತ್ತು ನಾವು ಓಟು ಹಾಕಿ ಕಳಿಸಿದ ಜನಪ್ರತಿನಿಧಿಗಳಿಗೆ

ಮಾನ್ಯರೇ,

ನಮಸ್ಕಾರ.

ನಾನು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನ್ನ ಅಪ್ಪ ಆಚಾರಿ, ಮರದ ಕೆಲಸದವರು. ದುರಸ್ತಿಗೆಂದು ಬಿಚ್ಚಿ ಹಾಗೇ ಬಿಟ್ಟಿರುವ ಹಳೆಯ ಕಚೇರಿ ಇದೆಯಲ್ಲ, ಅದರ ಮಾಡನ್ನು, ಅಂದರೆ ಹಂಚಿನ ಛಾವಣಿಯನ್ನು, ಹಿಂದೊಮ್ಮೆ ಪೂರ್ತಿ ಇಳಿಸಿ ಮತ್ತೆ ಏರಿಸಿದವರಲ್ಲಿ ಅವರೂ ಒಬ್ಬರು. ನಾನಾಗ ಹೈಸ್ಕೂಲಿನಲ್ಲಿದ್ದೆ. ರಜೆಯ ದಿನ ಅವರಿಗೆ ಮಧ್ಯಾಹ್ನದ ಬುತ್ತಿ ಕೊಂಡುಹೋಗುವುದು ನನ್ನ ಕೆಲಸ. ದೀಪಾವಳಿ ಕಳೆದು ಶುರುವಾದ ಕೆಲಸ ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮುಗಿಯಿತು. ಕೊನೆಯ ಸಾಲಿನ ಹಂಚು ಇಟ್ಟ ದಿನ ಅಪ್ಪ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತಲೆ ಎತ್ತಿ ನೋಡು ಅಂದರು. ಎಲ್ಲೂ ಒಂದು ಚೂರು ಬೆಳಕು ಕಾಣುತ್ತಿರಲಿಲ್ಲ.

ಈಗ ಅಲ್ಲಿ ನಿಂತು ತಲೆ ಎತ್ತಿದರೆ ಬರೀ ಆಕಾಶ. ಮಾಡು ಬಿಚ್ಚಿ ಮೂರು ಮಳೆಗಾಲ ಕಳೆದಿವೆ. ನಾಲ್ಕನೆಯದು ಬರುವ ಮೊದಲು ಈ ಪತ್ರ ಬರೆಯುತ್ತಿದ್ದೇನೆ.

ಕೆಲಸ ಶುರುವಾದಾಗ ನನಗೆ ತುಂಬಾ ಖುಷಿಯಾಗಿತ್ತು. ಎಷ್ಟೋ ವರ್ಷ ಬಾಗಿಲು ಹಾಕಿಕೊಂಡಿದ್ದ ಕಟ್ಟಡ. ಅದನ್ನು ಸರಿ ಮಾಡಿ ಓದುವ ಕೋಣೆ, ಹಳೆಯ ದಾಖಲೆಗಳ ಪ್ರದರ್ಶನ ಮಾಡುತ್ತಾರೆ ಎಂಬ ಸುದ್ದಿ ಕೇಳಿ ನಾವು ಕೆಲವರು ಹೋಗಿ ನೋಡಿ ಬಂದೆವು. ಕೆಲಸದವರು ಹಂಚನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿ ಅಂಗಳದಲ್ಲಿ ಪೇರಿಸುತ್ತಿದ್ದರು. ಹಂಚನ್ನು ಹೊರುವ ಮರಗಳಾದ ಪಕ್ಕಾಸು, ರೀಪು ಬಿಚ್ಚಿ, ಒರಲೆ ಹಿಡಿದದ್ದನ್ನು ಒಂದು ಕಡೆ, ಗಟ್ಟಿ ಇದ್ದದ್ದನ್ನು ಇನ್ನೊಂದು ಕಡೆ ಇಡುತ್ತಿದ್ದರು. ಅವರು ಒಳ್ಳೆಯ ಕೆಲಸಗಾರರು. ಅವರ ಮೇಲೆ ನನ್ನ ದೂರು ಇಲ್ಲ.

ಮೇ ತಿಂಗಳ ಒಂದು ದಿನ ಅವರು ಬರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆದ ಮೇಲೆ ಯಾರೋ ಬಂದು ಗೋಡೆಗಳ ಮೇಲೆ ನೀಲಿ ಟರ್ಪಾಲು ಎಳೆದು ಹಗ್ಗ ಕಟ್ಟಿ ಹೋದರು. ಜೂನ್ ತಿಂಗಳ ಮೊದಲ ಗಾಳಿಗೇ ಅದು ಹರಿದು ಒಂದು ಮೂಲೆಯಲ್ಲಿ ನೇತಾಡತೊಡಗಿತು. ಮತ್ತೆ ಯಾರೂ ಕಟ್ಟಲಿಲ್ಲ. ಮೊದಲ ಮಳೆಗಾಲ ಮುಗಿಯುವಾಗ ಗೋಡೆಗೆಲ್ಲ ಪಾಚಿ ಹಿಡಿದಿತ್ತು. ಎರಡನೆಯದರಲ್ಲಿ ಒಳಗಿನ ಗಾರೆ ಹಪ್ಪಳದ ಹಾಗೆ ಎದ್ದು ಬಿತ್ತು. ಗೋಡೆಯ ತಲೆಯ ಮೇಲೆ ಅಶ್ವತ್ಥದ ಗಿಡ ಹುಟ್ಟಿತು. ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಹಿಂದಿನ ಕೋಣೆಯ ಒಂದು ಮೂಲೆಯೇ ಕುಸಿಯಿತು. ಬಿದ್ದ ಮೇಲೆ ನೋಡಿದರೆ ಕಲ್ಲುಗಳು ಗಟ್ಟಿಯಾಗಿಯೇ ಇವೆ. ಅವುಗಳ ನಡುವಿನ ಮಣ್ಣು ಮಾತ್ರ ಕೊಚ್ಚಿ ಹೋಗಿದೆ. ಅಂಗಳದಲ್ಲಿ ಪೇರಿಸಿಟ್ಟ ಹಂಚಿನ ಸಾಲು ನಾನು ನೋಡನೋಡುತ್ತಿದ್ದ ಹಾಗೆ ಗಿಡ್ಡವಾಗಿದೆ. ಗಟ್ಟಿ ಪಕ್ಕಾಸುಗಳ ರಾಶಿಯೂ ಈಗ ಮೊದಲಿನಷ್ಟು ಇಲ್ಲ.

ನಾನು ಲೆಕ್ಕದ ಟೀಚರ್ ಆದ್ದರಿಂದ ಒಂದು ಲೆಕ್ಕ ನಿಮ್ಮ ಮುಂದಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್ ಹತ್ತಿರ ಮಳೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಅಂದರೆ ಮೂರು ವರ್ಷದಲ್ಲಿ ಆ ಕಟ್ಟಡದ ಒಳಗಿನ ಪ್ರತಿ ಚದರ ಮೀಟರಿಗೂ ಹತ್ತು ಸಾವಿರ ಲೀಟರಿನಷ್ಟು ನೀರು ಬಿದ್ದಿದೆ. ಮಣ್ಣಿನಲ್ಲಿ ಕಟ್ಟಿದ ಗೋಡೆ ಇದನ್ನು ಎಷ್ಟು ದಿನ ತಡೆದೀತು?

ನಮ್ಮ ಕಡೆ ಎಷ್ಟೇ ಬಡವರಾದರೂ ಮನೆ ಕಟ್ಟುವ ಕೆಲಸ ಅರ್ಧದಲ್ಲಿ ನಿಂತರೆ ಮಳೆಗಾಲಕ್ಕೆ ಮೊದಲು ಗೋಡೆಯ ತಲೆಗೆ ತೆಂಗಿನ ಮಡಲು ಹೊದಿಸುತ್ತಾರೆ. ಗೋಡೆಗೆ ಬದಿಯಿಂದ ಬೀಳುವ ಎರಚಲಿಗಿಂತ ತಲೆಯಿಂದ ಇಳಿಯುವ ನೀರು ಜಾಸ್ತಿ ಅಪಾಯ ಎಂದು ಅವರಿಗೆ ಗೊತ್ತು. ಈ ಕಟ್ಟಡಕ್ಕೆ ಅಷ್ಟೂ ಆಗಲಿಲ್ಲ. ಬಾಗಿಲು ಹಾಕಿಕೊಂಡಿದ್ದ ಅಷ್ಟು ವರ್ಷ ಅದು ಗಟ್ಟಿಯಾಗಿಯೇ ನಿಂತಿತ್ತು. ಅಲ್ಲಲ್ಲಿ ಸೋರುತ್ತಿತ್ತು, ಬಾವಲಿಗಳಿದ್ದವು, ಅಷ್ಟೇ. ಅದನ್ನು ಉಳಿಸಲೆಂದು ಕೈ ಹಾಕಿದ ಮೇಲೆ ಅದು ಬೀಳತೊಡಗಿದೆ. ನನಗೆ ತುಂಬಾ ನೋವಾಗುವುದು ಇದೇ.

ಇದು ಕೆಂಪು ಕಲ್ಲಿನ ಕಟ್ಟಡ. ಕೆಲವರು ಮುರಕಲ್ಲು ಅನ್ನುತ್ತಾರೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಸಿಕ್ಕಿದ್ದೇ ನಮ್ಮ ಕರಾವಳಿಯಿಂದ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಗಮನಿಸಿದ. ನೆಲದಲ್ಲಿದ್ದಾಗ ಮೆತ್ತಗೆ ಕತ್ತರಿಸಬಹುದು, ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ ಎಂದು ಬರೆದುಕೊಂಡ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟ. 1807ರಲ್ಲಿ ಆ ಹೆಸರು ಅಚ್ಚಾಯಿತು. ನಮ್ಮವರು ಆ ಹೆಸರಿಗೆ ಕಾಯದೆ ಅದಕ್ಕೂ ಮೊದಲೇ ಇದೇ ಕಲ್ಲಿನಲ್ಲಿ ಕೋಟೆಯನ್ನೂ ಬಾವಿಯನ್ನೂ ಕಟ್ಟಿದ್ದರು. ಬೇಕಲದಲ್ಲೂ ಚಂದ್ರಗಿರಿಯಲ್ಲೂ ಹೋಗಿ ಗೋಡೆ ಮುಟ್ಟಿ ನೋಡಬಹುದು.

ಈ ಕಲ್ಲಿನ ಗುಣವೇ ಬೇರೆ. ಅದರ ಮೈಯೆಲ್ಲ ಸಣ್ಣ ಸಣ್ಣ ತೂತು. ಅದು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಆದ್ದರಿಂದಲೇ ಹಿಂದಿನವರು ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆಯನ್ನೇ ಅದಕ್ಕೆ ಮೆತ್ತುತ್ತಿದ್ದರು. ಆ ಗಾರೆಯೂ ಕಲ್ಲಿನ ಜೊತೆ ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಗೋಡೆ ಒಳಗಿಂದಲೇ ಹಾಳಾಗುತ್ತದೆ. ಹಿಂದೆ ಯಾವಾಗಲೋ ಈ ಕಟ್ಟಡದ ಒಂದು ಗೋಡೆಗೆ ಸಿಮೆಂಟು ಹಾಕಿದ್ದರು. ಮೊದಲು ಕಳಚಿ ಬಿದ್ದದ್ದು ಅದೇ ಗೋಡೆಯ ಮೈ. ಸುಣ್ಣದ ಗಾರೆಗೆ ಇನ್ನೂ ಒಂದು ಗುಣವಿದೆ. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಸಮಯ ಬೇಕು, ಒಣ ಹವೆ ಬೇಕು. ಹಾಗಾಗಿ ಈ ಕೆಲಸವನ್ನು ಯಾವಾಗ ಬೇಕಾದರೂ ಶುರು ಮಾಡಿ ಯಾವಾಗ ಬೇಕಾದರೂ ನಿಲ್ಲಿಸುವ ಹಾಗಿಲ್ಲ. ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಷ್ಟೇ ನಮ್ಮ ಕೈಯಲ್ಲಿರುವ ಕಾಲ.

ಪತ್ತನಾಜೆ ಎಂದರೆ ಏನೆಂದು ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳಿಗೆ ಗೊತ್ತಿರಲಿಕ್ಕಿಲ್ಲ. ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24 ಅಥವಾ 25ರ ಹೊತ್ತಿಗೆ ಬರುತ್ತದೆ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮ ನಿಲ್ಲುತ್ತವೆ. ಅಂಗಳದ ಸೌದೆ ಒಳಗೆ ಬರುತ್ತದೆ. ಅಲ್ಲಿಗೆ ಹೊರಗಿನ ಕೆಲಸ ಮುಗಿಯಿತು ಎಂದು ಲೆಕ್ಕ. ಇನ್ನೂ ಒಂದು ಮಾತು. ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಜಿಲ್ಲೆಯ ಹುಟ್ಟಿದ ದಿನವೂ ಪತ್ತನಾಜೆಯೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ನಾನು ಕೇಳುವ ಗಡುವು ಅದೇ.

ಹಂಚಿನ ಬಗ್ಗೆಯೂ ಹೇಳಬೇಕು. ಅಂಗಳದಲ್ಲಿ ಪೇರಿಸಿರುವುದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹಂಚು. ಬೆನ್ನಿನ ಮೇಲೆ 1865 ಎಂಬ ಅಚ್ಚಿದೆ. ಅದನ್ನು ನೋಡಿ ಕಟ್ಟಡವೇ 1865ರದ್ದು ಎಂದುಕೊಳ್ಳುವವರಿದ್ದಾರೆ. ಅದು ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷಗಳ ನಂತರ ಸುಟ್ಟ ಹಂಚಿಗೂ ಅದೇ ಅಚ್ಚು ಒತ್ತುತ್ತಿದ್ದರು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಒಡೆಯದೆ ಉಳಿದದ್ದನ್ನು ತೊಳೆದು ಮತ್ತೆ ಹೊದಿಸಬಹುದು. ಅಪ್ಪನ ಕಾಲದಲ್ಲಿ ಹಾಗೇ ಮಾಡಿದ್ದರು. ಒಡೆದದ್ದರ ಬದಲಿಗೆ ಮಾತ್ರ ಹೊಸ ಹಂಚು ತಂದಿದ್ದರು. ಅಂಗಳದಲ್ಲಿ ಬಿಸಿಲು ಮಳೆಗೆ ಬಿದ್ದಿರುವ ಆ ರಾಶಿ ನಿಮ್ಮ ಲೆಕ್ಕದಲ್ಲಿ ಹಳೆಯ ಸಾಮಾನು ಇರಬಹುದು. ಆದರೆ ಮಾಡಿನ ಅರ್ಧ ಖರ್ಚು ಅದರಲ್ಲೇ ಇದೆ. ಅದು ದಿನಾ ಕರಗುತ್ತಿದೆ.

ಇಷ್ಟೆಲ್ಲ ಒಂದು ಹಳೆಯ ಕಟ್ಟಡಕ್ಕಾಗಿ ಯಾಕೆ ಎಂದು ನೀವು ಕೇಳಬಹುದು. ಈ ಊರಿನ ಹಲವು ಮನೆಗಳ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳಿವೆ. ಭೂಮಿಯ ಹಕ್ಕನ್ನು ವರ್ಗ, ಮೂಲಗೇಣಿ, ಕುಮ್ಕಿ ಎಂದು ಕನ್ನಡದಲ್ಲಿ ಬರೆದ ಕಾಗದಗಳು. ಅವೆಲ್ಲ ಇಂಥ ಕಚೇರಿಗಳಿಂದ ಬಂದವು. 1799ರಲ್ಲಿ ಕೆನರಾ ಇಂಗ್ಲಿಷರ ಕೈಗೆ ಹೋದ ಮೇಲೆ ಮೊದಲು ಬೇಕಲದ ಹೆಸರಿನಲ್ಲಿದ್ದ ತಾಲೂಕು ಆಮೇಲೆ ಕಾಸರಗೋಡು ತಾಲೂಕಾಯಿತು. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಅಲ್ಲಿಂದ ಕೇರಳ, ಕಣ್ಣೂರು ಜಿಲ್ಲೆ. ಆಮೇಲೆ ನಮ್ಮದೇ ಜಿಲ್ಲೆ. ನನ್ನ ಅಜ್ಜ ಮನೆಯ ಹೊರಗೆ ಕಾಲಿಡದೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದವರು.

ಆ ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆಯುವವರು ಕೂರುತ್ತಿದ್ದರು. ಬುತ್ತಿ ಕೊಡಲು ಹೋದಾಗ ನಾನು ಅವರ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಒಬ್ಬರು ತುಳುವಿನಲ್ಲಿ ಕಷ್ಟ ಹೇಳುವರು, ಇನ್ನೊಬ್ಬರು ಬ್ಯಾರಿಯಲ್ಲಿ, ಮತ್ತೊಬ್ಬರು ಕೊಂಕಣಿಯಲ್ಲಿ. ಬರೆಯುವವರು ಎಲ್ಲವನ್ನೂ ಕೇಳಿ ಕನ್ನಡದಲ್ಲೋ ಮಲಯಾಳದಲ್ಲೋ ಬರೆದು ಓದಿ ಹೇಳುವರು. ಸರಿ ಅಂದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವರು. ನಮ್ಮದು ಸಪ್ತಭಾಷೆಗಳ ನಾಡು ಎಂದು ಎಲ್ಲ ವೇದಿಕೆಯಲ್ಲೂ ಹೇಳುತ್ತೇವೆ. ಅದು ದಿನನಿತ್ಯ ಕಣ್ಣಿಗೆ ಕಾಣುತ್ತಿದ್ದ ಜಾಗ ಆ ಜಗಲಿ. ಅದರ ನೆಲ ಈಗಲೂ ಇದೆ. ಜನ ಕೂತು ಕೂತು ನುಣುಪಾದ ಅಂಚೂ ಇದೆ. ಕಂಬಗಳಲ್ಲಿ ಎರಡು ವಾಲಿವೆ.

ಇದನ್ನು ಕನ್ನಡದವರ ಕಟ್ಟಡ, ಮಲಯಾಳದವರ ಕಟ್ಟಡ ಎಂದು ಯಾರೂ ನೋಡಬಾರದು ಎಂದು ನನ್ನ ಕೋರಿಕೆ. ನಮ್ಮ ಜೊತೆ ಮನವಿಗೆ ಸಹಿ ಹಾಕಿದವರಲ್ಲಿ ಎಲ್ಲ ಭಾಷೆಯವರೂ ಇದ್ದಾರೆ. ಕಟ್ಟಡದ ಎದುರಿನ ಚಹಾದಂಗಡಿಯವರು ಎರಡು ವರ್ಷದಿಂದ ರಾತ್ರಿ ಅಂಗಡಿ ಮುಚ್ಚುವ ಮೊದಲು ಹಂಚಿನ ರಾಶಿಯ ಕಡೆ ಒಮ್ಮೆ ಟಾರ್ಚ್ ಹಾಕಿ ನೋಡಿ ಹೋಗುತ್ತಾರೆ. ಯಾರೂ ಅವರಿಗೆ ಆ ಕೆಲಸ ಹೇಳಿಲ್ಲ.

ನಾವು ಸುಮ್ನೆ ಕೂತಿರಲಿಲ್ಲ. ಮೊದಲ ಮಳೆಗಾಲದಲ್ಲೇ ಕನ್ನಡದಲ್ಲಿ ಮನವಿ ಕೊಟ್ಟೆವು. ಬಹಳ ತಿಂಗಳ ಮೇಲೆ ಮಲಯಾಳದಲ್ಲಿ ಎರಡು ಸಾಲಿನ ಉತ್ತರ ಬಂತು. ವಿಷಯ ಪರಿಶೀಲನೆಯಲ್ಲಿದೆ ಎಂದಿತ್ತು. ನನಗೆ ಮಲಯಾಳ ಓದಲು ಬರುತ್ತದೆ. ಸಹಿ ಹಾಕಿದ ಎಷ್ಟೋ ಹಿರಿಯರಿಗೆ ಬರುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಅದೇ ಭಾಷೆಯಲ್ಲಿ ಉತ್ತರ ಪಡೆಯಬಹುದು. ಇದು ಕಾನೂನು ಕೊಟ್ಟ ಹಕ್ಕು. ಎರಡನೇ ವರ್ಷ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿದೆವು. ಎಷ್ಟು ಕೆಲಸವಾಗಿದೆ, ಯಾಕೆ ನಿಂತಿದೆ, ಬಿಚ್ಚಿದ ಮರ ಮತ್ತು ಹಂಚಿನ ಪಟ್ಟಿ ಇದೆಯಾ ಎಂದು ಮೂರೇ ಪ್ರಶ್ನೆ. 30 ದಿನದ ಒಳಗೆ ಉತ್ತರ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ದಿನ ಮೀರಿಯೇ ಬಂತು. ಹೊಸ ಎಸ್ಟಿಮೇಟ್ ಮಂಜೂರಾಗಬೇಕು ಎಂದಿತ್ತು. ಮರ ಮತ್ತು ಹಂಚಿನ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿಯ ಹೆಸರು ಹೇಳುತ್ತಾರೆ. ಅಲ್ಲಿ ಹೋದರೆ ಹೊಸದಾಗಿ ಬಂದವರು ಇರುತ್ತಾರೆ, ಫೈಲು ನೋಡಿ ಹೇಳುತ್ತೇನೆ ಅನ್ನುತ್ತಾರೆ. ಯಾರೂ ಗದರಲಿಲ್ಲ, ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಮಳೆ ಫೈಲಿಗೆ ಕಾಯುವುದಿಲ್ಲ, ಅಲ್ವಾ?

ಇತ್ತೀಚೆಗೆ ಇನ್ನೊಂದು ಮಾತು ಕಿವಿಗೆ ಬೀಳುತ್ತಿದೆ. ಹೇಗೂ ಗೋಡೆ ಕುಸಿದಿದೆ, ಕೆಡವಿ ಹೊಸದು ಕಟ್ಟಿದರೆ ಒಳ್ಳೆಯದು ಎಂದು. ಈ ಮಾತನ್ನು ದಯವಿಟ್ಟು ಮುಂದುವರಿಸಬೇಡಿ. ಮೂರು ವರ್ಷ ಮಳೆಯಲ್ಲಿ ನೆನೆಯಲು ಬಿಟ್ಟು, ಆಮೇಲೆ ಅದು ಗಟ್ಟಿಯಿಲ್ಲ ಎಂದು ಹೇಳುವುದು ನ್ಯಾಯವಲ್ಲ. ಕುಸಿದದ್ದು ಒಂದೇ ಮೂಲೆ. ಆ ಕಲ್ಲುಗಳನ್ನೇ ಇಟ್ಟು ಅದನ್ನು ಮತ್ತೆ ಕಟ್ಟಬಹುದು. ಮರದ ಮಾಡಿನ ಬದಲು ಕಾಂಕ್ರೀಟ್ ಸ್ಲ್ಯಾಬ್ ಹಾಕುವ ಯೋಚನೆಯೂ ಬೇಡ. ಆ ಭಾರಕ್ಕೆ ಈ ಗೋಡೆಗಳನ್ನು ಕಟ್ಟಿದ್ದಲ್ಲ.

ನಮ್ಮ ಊರಿನ ಜನಕ್ಕೆ ಜೀರ್ಣೋದ್ಧಾರ ಹೊಸದಲ್ಲ. ದೇವಸ್ಥಾನ, ಮಸೀದಿ, ಇಗರ್ಜಿ, ದೈವಸ್ಥಾನ ಎಲ್ಲವನ್ನೂ ಊರವರೇ ಸೇರಿ ಹೊಸದು ಮಾಡುತ್ತಾರೆ. ದೇವಸ್ಥಾನದ ಗರ್ಭಗುಡಿ ಬಿಚ್ಚುವಾಗ ದೇವರನ್ನು ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ಇಡುತ್ತಾರೆ. ಆ ದಿನದಿಂದ ಊರಿಗೇ ಒಂದು ಆತಂಕ. ಬೇಗ ಮುಗಿಯಬೇಕು, ದೇವರು ಒಳಗೆ ಹೋಗಬೇಕು. ಹಣ ಕೊಡಲಾಗದವರು ಬಂದು ಕಲ್ಲು ಹೊರುತ್ತಾರೆ. ಬಿಚ್ಚಿದವನ ಮೇಲೆ ಮುಚ್ಚುವ ಋಣ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಸರ್ಕಾರಿ ಕಟ್ಟಡಕ್ಕೂ ಆ ಋಣ ಇದೆ ಎಂದು ನಾನು ನಂಬಿದ್ದೇನೆ.

ನಾನು ಕೇಳುವುದು ಇಷ್ಟು. ಎಲ್ಲಕ್ಕಿಂತ ಮೊದಲು ಮಾಡು. ಪ್ರದರ್ಶನದ ಕೋಣೆ, ಬಣ್ಣ, ದೀಪ, ಉದ್ಘಾಟನೆ ಯಾವುದೂ ಈಗ ಬೇಡ. ಪೂರ್ತಿ ಎಸ್ಟಿಮೇಟ್ ಮಂಜೂರಾಗಲು ಸಮಯ ಬೇಕಿದ್ದರೆ ಮಾಡಿನ ಕೆಲಸವನ್ನು ಬೇರೆ ಮಾಡಿ ಈಗಲೇ ಮಂಜೂರು ಮಾಡಿ. ಅದೂ ಆಗದಿದ್ದರೆ ಬಿದಿರು ಅಥವಾ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ತಾತ್ಕಾಲಿಕ ಮಾಡಾದರೂ ಹಾಕಿ. ಮತ್ತೆ ಟರ್ಪಾಲು ಬೇಡ. ಗೋಡೆಯ ಮೇಲಿನ ಅಶ್ವತ್ಥದ ಗಿಡವನ್ನು ಎಳೆದು ಕೀಳಲು ಬಿಡಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ, ತಿಳಿದವರಿಂದ ತೆಗೆಸಿ. ಉಳಿದಿರುವ ಹಂಚು ಮತ್ತು ಮರವನ್ನು ನಾಳೆಯೇ ಎಣಿಸಿ, ಪಟ್ಟಿ ಮಾಡಿ, ಬೀಗ ಇರುವ ಜಾಗದಲ್ಲಿ ಇಡಿಸಿ. ಎಣಿಸಲು ಜನ ಬೇಕಿದ್ದರೆ ನಾವು ಬರುತ್ತೇವೆ. ಹಳೆಯ ಗಾರೆ ಕೆಲಸ, ಮರದ ಕೆಲಸ ಬಲ್ಲ ಹಿರಿಯ ಕೆಲಸಗಾರರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಟೆಂಡರ್ ಕರೆಯುವಾಗ ಅಂಥವರಿಂದಲೇ ಮಾಡಿಸಬೇಕು ಎಂಬ ಷರತ್ತು ಸೇರಿಸಿ.

ಆಮೇಲೆ, ಈ ಕಟ್ಟಡವನ್ನು ಕೇರಳದ 1968ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ ಸಂರಕ್ಷಿತ ಎಂದು ಘೋಷಿಸಲು ಪ್ರಸ್ತಾವ ಕಳಿಸಿ. ನೂರು ವರ್ಷ ದಾಟಿದ ಕಟ್ಟಡ ಇದು. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೇ ಇದು ಯಾರ ಹೊಣೆಯೂ ಅಲ್ಲ ಎನ್ನುವ ಹಾಗಾಗಿದೆ. ಕೊನೆಗೆ, ಏನು ತೀರ್ಮಾನವಾದರೂ ಕಟ್ಟಡದ ಗೇಟಿನಲ್ಲಿ ಒಂದು ಬೋರ್ಡು ಹಾಕಿ, ಮಲಯಾಳದಲ್ಲೂ ಕನ್ನಡದಲ್ಲೂ. ಈಗಿರುವ ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿ ಹೋಗಿದೆ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವರ ಉಳಿ, ಕೀಸುಳಿ ತಮ್ಮನ ಮನೆಯಲ್ಲಿವೆ. ನನ್ನ ಹತ್ತಿರ ಅವರ ಒಂದು ಪುಸ್ತಕವಿದೆ. ಉದ್ದದ, ನೀಲಿ ರಟ್ಟಿನ ಲೆಕ್ಕದ ಪುಸ್ತಕ. ಹಳೆಯ ಕಚೇರಿಯ ಮಾಡಿನ ಅಳತೆಯೆಲ್ಲ ಅದರಲ್ಲಿದೆ. ಪಕ್ಕಾಸು ಎಷ್ಟು, ಒಂದೊಂದರ ಉದ್ದ ಎಷ್ಟು, ಮೂಲೆಯ ಮರ ಯಾವ ಓರೆಯಲ್ಲಿ ಕೂರಬೇಕು ಎಂದು ಕೋಲು, ಅಂಗುಲದ ಲೆಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿದ್ದಾರೆ. ನಿಮ್ಮ ಇಂಜಿನಿಯರುಗಳಿಗೆ ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ಪ್ರತಿ ಪುಟವನ್ನೂ ನಾನು ಬಿಡಿಸಿ ಬೇರೆ ಹಾಳೆಯಲ್ಲಿ ಮೀಟರಿಗೆ ಬದಲಾಯಿಸಿ ಬರೆದಿಟ್ಟಿದ್ದೇನೆ. ಯಾವ ದಿನ, ಎಷ್ಟು ಗಂಟೆಗೆ ಎಂದು ತಿಳಿಸಿ. ಎರಡನ್ನೂ ತೆಗೆದುಕೊಂಡು ಕಚೇರಿಯ ಜಗಲಿಗೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಿಕೆ
ಕಾಸರಗೋಡು